ಖರ್ಚಿನ ಪುಸ್ತಕ

ಕೊಡಿಯಾಲ್‌ಬೈಲಿನ ಜೈಲಿಂದ ಕೋರ್ಟಿಗೆ
ಒಂದು ಬೀಡಿ ಮುಗಿಯುವಷ್ಟೇ ದಾರಿ.
ಸೆವ್ರಿನ್ ಬಾಯಿಗೆ ಹನ್ನೊಂದು ವರ್ಷ ಹಿಡಿಯಿತು.

ರಾಜದ್ರೋಹಕ್ಕೆ ಸಾಕ್ಷ್ಯ: ಕರಪತ್ರ ಒಂಬತ್ತು, ಟಾರ್ಚು ಒಂದು.
ವಾಯಿದೆ. ಮತ್ತೆ ವಾಯಿದೆ.
ಕರಿ ಕೋಟು ಒಣ ಬಂಗುಡೆಯ ಬಣ್ಣಕ್ಕೆ ತಿರುಗಿತು.
ಬಾರ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿಯೇ;
“ಚೀಲ ಇಡಲಿಕ್ಕಾಯಿತು” ಅಂದರು.

ಐತಪ್ಪನಿಗೊಂದು ಕನ್ನಡಕಕ್ಕೆ ಮೂರು ಅರ್ಜಿ.
ಮಂಜೂರಾಗುವಾಗ
ಕಣ್ಣಿನ ನಂಬರೇ ಬದಲಾಗಿತ್ತು.

ಬಿಡುಗಡೆಯ ಸಂಜೆ, ಗೇಟಿನಾಚೆ ನಿಂತು ಅವನು ಕೇಳಿದ್ದು ಇಷ್ಟೇ:
“ನಾರಾವಿ ಬಸ್ಸು ಈಗಲೂ
ಸ್ಟೇಟ್ ಬ್ಯಾಂಕಿನಿಂದಲೇ ಅಲ್ಲವಾ?”

ಗುಮಾಸ್ತ ನಾನು, ಬರೆದೆ:
ಜಮಾ, ಸೊನ್ನೆ.
ಖರ್ಚು, ನಾರಾವಿಗೆ ಟಿಕೆಟ್ಟು ಒಂದು.
ಬಾಯಿ ಮರುದಿನ ತಿದ್ದಿದರು:
“ಎರಡು ಮಾರಾಯಾ.
ಕಿಟಕಿ ಪಕ್ಕ ಕೂರಲು ಹೆದರಿದ.
ಮೂಡಬಿದ್ರೆಯವರೆಗೆ
ನಾನು ಕೂತೆ.”