ಏಳು ನಿಮಿಷ ಬಾಕಿ

ಗುತ್ತಲು ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ
ಅರ್ಧ ಶಟರಿನ ಒಂದು ಗುಹೆ.
ನಾಲ್ಕು ಟೀವಿ, ಆರು ಕುರ್ಚಿ, ಒಂದು ಫ್ಯಾನು.
ಗಂಟೆಗೆ ಹತ್ತು ರೂಪಾಯಿ, ಚಿಲ್ಲರೆ ನೀವೇ ತರುವುದು.
ಲೆಕ್ಕ ಬರೆಯುವವಳು ನಾನು.

ಮೂರನೇ ಟೀವಿಗೆ ಮಾತ್ರ ಯಾವಾಗಲೂ ಸರದಿ:
ಬೀದಿ ಬ್ಯಾಸ್ಕೆಟ್‌ಬಾಲು.
ಮೂವರ ಮೇಲೆ ಮೂವರು. ರೆಫರಿ ಇಲ್ಲ, ಸೀಟಿ ಇಲ್ಲ,
ತಳ್ಳಿದರೆ ತಳ್ಳಿದ್ದು, ಬಿದ್ದರೆ ಬಿದ್ದದ್ದು.
ಯಾವುದೋ ದೇಶದ ಬೀದಿ, ಗೋಡೆ ತುಂಬ ಬಣ್ಣದ ಗೀಚು,
ತಂತಿಬೇಲಿಗೆ ಆತುಕೊಂಡು ಕೂಗುವ ಜನ.
ಚೆಂಡನ್ನು ಎದುರಾಳಿಯ ಹಣೆಗೆ ಬಡಿದು ವಾಪಸ್ಸು ಹಿಡಿದರೆ
ಅದಕ್ಕೂ ಅಂಕ.
ನಮ್ಮೂರಲ್ಲಿ ಹಾಗೆ ಮಾಡಿದ್ದರೆ
ಹಣೆಯವನ ಅಣ್ಣ, ಅಣ್ಣನ ಭಾವ, ಭಾವನ ಟ್ರ್ಯಾಕ್ಟರು
ಎಲ್ಲವೂ ಬಂದು ನಿಲ್ಲುತ್ತಿದ್ದವು.

ಬಿಡದೆ ನಾಲ್ಕು ಬುಟ್ಟಿ ಹಾಕಿದರೆ ಚೆಂಡಿಗೆ ಬೆಂಕಿ ಹತ್ತುತ್ತಿತ್ತು.
ಆಗ ಹುಡುಗರೆಲ್ಲ ಎದ್ದು ನಿಲ್ಲುವರು
ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಪಾಕ ನೋಡುವವರ ಹಾಗೆ
ಉಸಿರು ಹಿಡಿದು.

ನನಗೂ ಚೆಂಡು ಗೊತ್ತಿತ್ತು.
ಕ್ರೀಡಾಂಗಣದ ಸಿಮೆಂಟಿನ ಮೇಲೆ ಆರು ವರ್ಷ,
ಬೆಳಿಗ್ಗೆ ಐದೂವರೆಗೆ, ಸಕ್ಕರೆ ಕಾರ್ಖಾನೆಯ ಹುಳಿವಾಸನೆ
ಗಂಟಲಿಗೆ ಅಂಟುವ ಹೊತ್ತಿಗೆ
ಎಡಗೈಯಲ್ಲಿ ಪುಟಿಸುತ್ತ, ಬಲಗೈ ಬೆನ್ನಿಗೆ ಕಟ್ಟಿಕೊಂಡು.
ಜಿಲ್ಲಾ ಆಯ್ಕೆಯ ದಿನ ಗೋಡೆಗೆ ನಿಲ್ಲಿಸಿ ತಲೆಮೇಲೆ ಸ್ಕೇಲಿಟ್ಟರು.
ಕೂದಲು ಒತ್ತಿ ಒತ್ತಿ ಇಟ್ಟರು.
"ಕೈ ಚೆನ್ನಾಗದೆ ಕಣವ್ವ, ಕಾಲೂ ಚೆನ್ನಾಗದೆ,
ಇನ್ನೊಂದ್ ಗೇಣು ಇದ್ದಿದ್ರೆ..." ಅಂದರು ಮರಿಲಿಂಗಯ್ಯ ಮೇಷ್ಟ್ರು.
ಆ ಗೇಣನ್ನು ಎಲ್ಲಿಂದ ತರುವುದು?
ನನ್ನ ಅಳತೆಯ ಸೀಸದ ಗೆರೆ
ಗೋಡೆಗೆ ಸುಣ್ಣ ಬಳಿಯುವ ತನಕ ಇತ್ತು.

ರಾತ್ರಿ ಹುಡುಗರು ಹೋದಮೇಲೆ, ಶಟರನ್ನು ಮೊಣಕಾಲಿನ ಮಟ್ಟಕ್ಕೆ ಎಳೆದು
ನಾನೊಂದು ಆಟ ಆಡುತ್ತಿದ್ದೆ, ಲೆಕ್ಕಕ್ಕೆ ಬರೆಯದೆ.
ಆಟಗಾರನನ್ನು ನಾವೇ ಮಾಡಿಕೊಳ್ಳಬಹುದಿತ್ತು ಅದರಲ್ಲಿ:
ಕೂದಲು, ಬೂಟು, ಮೈಬಣ್ಣ, ಎತ್ತರ.
ಎತ್ತರವನ್ನು ಎಡಕ್ಕೆ, ಎಡಕ್ಕೆ, ಇನ್ನೂ ಎಡಕ್ಕೆ ಒತ್ತಿ
ಅದು ಬಿಟ್ಟಷ್ಟು ಗಿಡ್ಡ ಮಾಡಿದೆ.
ಆ ಗಿಡ್ಡನೂ ಹಾರಿದ.
ಬುಟ್ಟಿಗಿಂತ ಒಂದಾಳು ಮೇಲೆ, ಮೊಣಕಾಲು ಮಡಚಿ,
ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿ.
ನಗು ಬಂತು. ಆಮೇಲೆ ಸಿಟ್ಟು ಬಂತು.
ಇಷ್ಟು ಸುಲಭವಾ.

ಒತ್ತುವ ಗುಂಡಿ ಸವೆದುಹೋಗಿ ಅನ್ವರಣ್ಣ ಅದಕ್ಕೆ
ಪಕ್ಕದಂಗಡಿಯ ಟ್ಯೂಬಿನ ತೇಪೆ ಅಂಟಿಸಿದ್ದ.
ಹಾರಾಟವೆಲ್ಲ ಆ ರಬ್ಬರಿನ ಕೆಳಗೆ.

ಹೊಳಲು ಕಡೆಯ ಹುಡುಗ ಒಬ್ಬ, ಯೋಗಾನಂದ,
ಮಾತು ಕಮ್ಮಿ. ಕಬ್ಬಿನ ಲಾರಿ ಹತ್ತಿ ಬರುವನು,
ಖಾಲಿ ಲಾರಿ ಹತ್ತಿ ಹೋಗುವನು.
ಜೇಬಿನಲ್ಲಿ ಹತ್ತರ ನೋಟು, ಎಂಟು ಮಡಿಕೆ.
ಒಂದು ಶನಿವಾರ, ಇಪ್ಪತ್ತಕ್ಕೆ ಇಪ್ಪತ್ತು, ಗೆಲ್ಲಲು ಒಂದೇ ಬುಟ್ಟಿ.
ಅವನ ಆಳು ಹಾರಿದ,
ಉರಿಯುವ ಚೆಂಡು ತಲೆಯ ಹಿಂದೆ, ಕಾಲು ಬಿಲ್ಲು

ಕರೆಂಟು ಹೋಯಿತು.

"ಅಕ್ಕಾ," ಅಂದ ಕತ್ತಲಲ್ಲಿ,
"ಆಕ್ದ್ನಾ ಅವ್ನು, ಬಿದ್ನಾ?"
ಏನು ಹೇಳಲಿ.
ಮೇಲೇ ಅವ್ನೆ ಕಣೋ, ಅಂದೆ.

ಕೋಳಿ ಅಂಗಡಿಯವರು ಮೇಣದಬತ್ತಿ ಹಚ್ಚಿದರು.
ಆ ಬೆಳಕಿಗೆ ಪುಸ್ತಕ ಹಿಡಿದು ಬರೆದೆ:
ಯೋಗಾನಂದ, ಏಳು ನಿಮಿಷ ಬಾಕಿ.
ಮುಂದಿನ ಶನಿವಾರ ಅವನು ಬರಲಿಲ್ಲ.
ಕಬ್ಬು ಅರೆಯುವುದು ನಿಂತಿತ್ತು, ಲಾರಿಗಳೂ ಇರಲಿಲ್ಲ.
ಪುಸ್ತಕ ನನ್ನ ಹತ್ತಿರವೇ ಇದೆ,
ಆ ಸಾಲು ಹೊಡೆದುಹಾಕಿಲ್ಲ.

ಈಗ ಆ ಗುಹೆಯಲ್ಲಿ ಮೊಬೈಲ್ ಕವರು ಮಾರುತ್ತಾರೆ.
ನಾನು ಶಾಲೆಯೊಂದರಲ್ಲಿ ಆಟದ ಟೀಚರು.
ಜೂನ್ ಬಂದರೆ ಮಕ್ಕಳನ್ನು ಸಾಲಾಗಿ ಗೋಡೆಗೆ ನಿಲ್ಲಿಸಿ
ಎತ್ತರ ಅಳೆದು ಬರೆಯುವುದೂ ನನ್ನದೇ ಕೆಲಸ.
ಸ್ಕೇಲು ಇಡುವಾಗ
ಕೂದಲು ಒತ್ತುವುದಿಲ್ಲ.
ಒಂದೆರಡು ಎಳೆ ಜಾಸ್ತಿ ಬಂದರೆ ಬರಲಿ.