ನಡಾವಳಿ

ಸಭೆ ಶುರುವಾದದ್ದು ಮೂರೂಕಾಲಿಗೆ, ಈಚೆ ದಡದ ಶಾಲೆಯ ಜಗಲಿಯಲ್ಲಿ.
ಹಾಜರಿ ಮೂವತ್ತೊಂಬತ್ತು. ಬರೆದುಕೊಂಡವನು ನಾನು,
ಪಂಚಾಯ್ತಿ ಗುಮಾಸ್ತ, ಶರಾವತಿ ಹಿನ್ನೀರಿನ ಆಚೆಯವನು.

ಮೊದಲ ವಿಷಯ: ಸಮುದ್ರದಾಚೆಯ ಸಂಸ್ಥೆಯೊಂದು
ಜಗತ್ತಿನ ನೀರಿನ ಬಗ್ಗೆ ಜಗತ್ತನ್ನೇ ಕೇಳುತ್ತಿದೆಯಂತೆ.
ಚೀಟಿ ಎತ್ತಿ ಆರಿಸಿದ ನೂರು ಊರುಗಳಲ್ಲಿ ನಮ್ಮದೂ ಒಂದು.
ಹನ್ನೊಂದು ಪುಟದ ಪ್ರಶ್ನಾವಳಿ. ಕನ್ನಡವೇ,
ಬೂಟು ಹಾಕಿಕೊಂಡು ಗದ್ದೆಗಿಳಿದ ಕನ್ನಡ.

ಗಂಟಲು ಸರಿಮಾಡಿಕೊಂಡು ಓದಿದೆ:
"ಜಾಗತಿಕ ಜಲಸಂಪನ್ಮೂಲದ ಸಹಭಾಗಿ ನಿರ್ವಹಣೆಯಲ್ಲಿ
ನಿಮ್ಮ ಪಾತ್ರವೇನು?"

ಯಾರೂ ಕೆಮ್ಮಲೂ ಇಲ್ಲ.
ದ್ಯಾವಮ್ಮ ಕವಳ ಉಗಿದು ಬಂದು ಹೇಳಿದಳು:
"ಪಾತ್ರ ಎಲ್ಲೈತೋ ತಮಾ?
ಹೊಳೆ ಪಾತ್ರ, ಅದರ ಪಕ್ಕದ ಗದ್ದೆ, ನಮ್ಮಪ್ಪ ತೋಡಿದ ಬಾವಿ,
ಎಲ್ಲ ನೀರಿನಡಿಗೆ. ಕಟ್ಟೆ ಕಟ್ಟೋವಾಗ ಕೇಳಲಿಲ್ಲ,
ಈಗ ಕೇಳ್ತಾರೆ. ಬರ್ಕೊ."

ಬರೆದುಕೊಂಡೆ. ಪ್ರಶ್ನೆ ಯಾವುದಾದರೂ ಉತ್ತರಕ್ಕೆ ಐದೇ ಚೌಕ,
'ಪೂರ್ತಿ ಒಪ್ಪುತ್ತೇನೆ'ಯಿಂದ 'ಸುತರಾಂ ಇಲ್ಲ'ದವರೆಗೆ.
ಬಾವಿ ಯಾವುದರಲ್ಲೂ ಹಿಡಿಸಲಿಲ್ಲ.

ಎರಡನೆಯ ವಿಷಯ: ಲಾಂಚಿನ ಕೊನೆಯ ಟ್ರಿಪ್ಪು.
ಐದೂವರೆ ಎಂದ ಮೀನಿನ ಪಾಸ್ಕಲ್, ಐಸು ಕರಗುತ್ತದೆ.
ಆರೂಕಾಲು ಎಂದಳು ಮೈಮೂನಾ, ಸಾಗರದ ಕಾಲೇಜಿನಿಂದ ಬರುವ ಬಸ್ಸು
ಐದೂವರೆಗೆ ಇನ್ನೂ ದಾರಿಯಲ್ಲೇ.
ಹಳೆಯ ಜಗಳಗಳು ಎದ್ದು ಬಂದವು: ಎಂಬತ್ತೇಳರ ಬೇಲಿ,
ಸಾಲ ತಂದ ಹೋರಿ, ಯಾರದೋ ಮದುವೆಗೆ ಕರೆಯದೇ ಇದ್ದದ್ದು.
ಇದನ್ನೂ ಬರೆಯಲೇ ಎಂದೆ. ಬೇಡ ಎಂದರು ಒಕ್ಕೊರಲಿನಿಂದ.
ಅಂದಿನ ಮೊದಲ ಸರ್ವಾನುಮತ.

ಕೈ ಎತ್ತಿಸೋಣವೆಂದರೆ ಟೀಕಪ್ಪ ತಡೆದ:
"ಸೋತವರು ನಾಳೆ ಅದೇ ಲಾಂಚಲ್ಲಿ
ನಮ್ಮ ಪಕ್ಕಾನೇ ಕೂರ್ತಾರೆ ಮಾರಾಯ. ಇನ್ನಷ್ಟು ಮಾತಾಡಿ."

ಇನ್ನಷ್ಟು ಮಾತಾಡಿದರು. ಕತ್ತಲಾಯಿತು.
ಲಾಂಚು ಹೋಯಿತೇನೋ ಎಂದು ಯಾರೋ ಗಡಬಡಿಸಿ ಎದ್ದಾಗ
"ನಾನಿಲ್ಲೇ ಇದೀನಲ್ಲ" ಎಂದ, ಹಿಂದಿನ ಸಾಲಿನಿಂದ, ಡ್ರೈವರ್ ಕೆರಿಯಪ್ಪ.
ಅಲ್ಲಿಯವರೆಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ನೀರು ಇಳಿದೈತೆ. ಮುಳುಗಿದ ಮರದ ಕೊರಡೆಲ್ಲ ಮೇಲೆ ಬಂದಾವೆ.
ಕತ್ತಲಲ್ಲಿ ಒಬ್ಬನ ಕಣ್ಣಿಗೆ ಸಾಲಲ್ಲ.
ಹೊತ್ತು ನೀವೇ ಹೇಳಿ. ಕಣ್ಣು ಯಾರು ಕೊಡ್ತೀರಿ, ಅದನ್ನೂ ಹೇಳಿ."

ಆಚೆ ದಡದವರು ಹತ್ತಿದೆವು.
ಎಡಕ್ಕೆ ಮೈಮೂನಾಳ ಟಾರ್ಚು, ಬಲಕ್ಕೆ ಪಾಸ್ಕಲ್ಲನ ಮೊಬೈಲು,
ಮುಂತುದಿಯಲ್ಲಿ ದ್ಯಾವಮ್ಮ, ಬರಿಗಣ್ಣು.
"ಕೊರಡು!" "ಎಲ್ಲಿ?" "ಬಲಕ್ಕೆ!" "ಅದು ನಿನ್ನ ಬಲ ಕಣೋ!"
ಕೆರಿಯಪ್ಪ ಕೆಲವು ಮಾತು ಕೇಳುತ್ತ, ಕೆಲವು ಬಿಡುತ್ತ
ಚುಕ್ಕಾಣಿ ತಿರುಗಿಸಿದ.

ನಡುವೆ ಒಂದು ಕಡೆ ದ್ಯಾವಮ್ಮ ಕೈ ಎತ್ತಿದಳು.
ಕೊರಡಿರಲಿಲ್ಲ. ಆದರೂ ಎಂಜಿನ್ನು ದನಿ ತಗ್ಗಿಸಿತು.
"ಮೆಲ್ಲಗೆ," ಎಂದಳು, "ನಮ್ಮ ಬಾವಿ ಇಲ್ಲೇ."

ಪ್ರಶ್ನಾವಳಿ ನನ್ನ ಅಂಗಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ.
ಮಾರನೆಯ ದಿನ ನಡಾವಳಿಯಲ್ಲಿ ಇಷ್ಟೇ ಬರೆದೆ:
ಎರಡನೆಯ ವಿಷಯ ಮುಂದಿನ ಸಭೆಗೆ.
ಹತ್ತಿದವರು ಹದಿನೆಂಟು. ಇಳಿದವರು ಹದಿನೆಂಟು.