ಘಾಟು

ಗುರುವಾರ ಟೆಂಡರ್ ಮುಗದ ಮ್ಯಾಲ
ಸರ್ವೆ ಹುಡುಗ ಬಂದ ನಮ್ಮ ಶೆಡ್ಡಿಗೆ,
ಕೊರಳಾಗ ಗುರುತಿನ ಚೀಟಿ, ಕೈಯಾಗ ಫಾರ್ಮಿನ ಕಟ್ಟು.
ಬಾಗಿಲಾ ದಾಟೂದ್ರಾಗ ಏಳು ಸೀನು ಸೀನಿದ.
ಬೀಬಿಜಾನ ಎಣಿಸಿದಳು. ಎಂಟನೇದಕ್ಕ
ಕುಡಿಯಾಕ ನೀರು ಕೊಟ್ಟಳು.

'ಸುದ್ದಿ ರೇಡಿಯೋ ಕೇಳ್ತೀರೇನ್ರಿ?'
ಕೇಳದ ಏನ ಮಾಡೂಣಪಾ,
ಕೈಗೆ ಕೆಲಸ ಐತಿ, ಕಣ್ಣಿಗೆ ಐತಿ,
ಕಿವಿ ಒಂದಽ ಖಾಲಿ ಕುಂತಿರ್ತಾವು.
ನೋಡಲ್ಲೆ, ಮೊಳಿಗೆ ತೂಗಬಿದ್ದೈತಿ,
ಸೆಲ್ಲಿನ ಮುಚ್ಚಳಿಲ್ಲ, ರಬ್ಬರ್ ಬ್ಯಾಂಡ್ ಹಾಕೇವಿ.
ಮೆಣಸಿನಕಾಯಿ ಧೂಳು ಕುಂತು ಕುಂತು
ಅದರ ಬಾಯಿನೂ ಕೆಂಪಗಾಗೇತಿ.

'ಮುಂಜಾನಿ ಸುದ್ದಿ ಓದೋರು ಬದಲಾಗ್ಯಾರ.
ಹೊಸಾ ದನಿ ಹೆಂಗನಸ್ತೈತಿ?
ಒಂದರಿಂದ ಐದರಾಗ ಹೇಳ್ರಿ.'

ನಮಗ ಐದರ ಲೆಕ್ಕ ಬರೂದಿಲ್ಲ.
ನಮ್ಮದು ಕಿಲೋ ಲೆಕ್ಕ.
ಕಡ್ಡಿ ಬ್ಯಾರೆ, ಡಬ್ಬಿ ಬ್ಯಾರೆ, ಬಿಳಿಗಾಯಿ ಬ್ಯಾರೆ.

ಹೊಸಾಕಿ ದನಿ ಛಲೋ ಐತಿ, ಬರಕೋ.
ಕೇರಿದ ಅಕ್ಕಿ ಹಂಗ ಹಸನ ಐತಿ.
ಒಂದಽ ಉಸಿರಿನ್ಯಾಗ ದಿಲ್ಲಿ, ಬೆಂಗಳೂರು, ಹವಾಮಾನ.
ನಾವು ಒಂದು ಕಾಯಿ ತೊಟ್ಟು ಮುರಿಯೂದ್ರಾಗ
ಎರಡು ಸರಕಾರ ಬಿದ್ದಿರ್ತಾವು.

ಆದ್ರ ಹಳೇಕಿ ಎಲ್ಲಿ ಹ್ವಾದಳು?
ನೀಲಾಂಬಿಕಾ ಕಡಕೋಳ.
ಹೆಸರಷ್ಟಽ ಗೊತ್ತು, ಮಾರಿ ನೋಡಿಲ್ಲ.
ಹದಿನೆಂಟು ವರ್ಷ, ಸೋಮವಾರಕ್ಕೊಮ್ಮೆ ಗುರುವಾರಕ್ಕೊಮ್ಮೆ,
ಕಾಯಿ ರೇಟು ಹೇಳಿದಾಕಿ.
ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಆವಕ ಇಷ್ಟು ಚೀಲ.
ಕಾಯಿ ರೇಟಷ್ಟಽ ಮತ್ತ.
ಕೈ ರೇಟು ಯಾರು ಹೇಳ್ತಾರ?

ಒಮ್ಮೆ ಹೇಳಿದಳು.
ಕಿಲೋಕ್ಕ ಎರಡು ರೂಪಾಯಿ ಹೆಚ್ಚಿಗಿ ಕೇಳಿ
ಮೂರು ದಿನ ನಾವು ಗೇಟಿನ ಮುಂದ ಕುಂತಾಗ.
ಕಡೀ ಸುದ್ದಿ ಅದು, ಹವಾಮಾನಕ್ಕಿಂತ ಮೊದಲು:
'ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು
ಕೆಲಸ ನಿಲ್ಲಿಸಿದ್ದಾರೆ.'
ಕೂಲಿಕಾರರು ಅನ್ನಲಿಲ್ಲ. ಹೆಣ್ಣುಮಕ್ಕಳು ಅಂದಳು.
ಅಂದು, ಕೆಮ್ಮಿದಳು.
ಒಂದಽ ಕೆಮ್ಮು, ಸಣ್ಣದು,
ಒತ್ತಿ ಹಿಡಿಯಾಕ ಹೋಗಿ ಜಾರಿದ್ದು.
'ನಮ್ಮ ಘಾಟು ಅಲ್ಲೀಮಟಾ ಮುಟ್ಟೇತಿ ನೋಡು'
ಅಂದಳು ಗುತ್ತೆವ್ವ.
ನಕ್ಕೂ ನಕ್ಕೂ ಎಲ್ಲಾರೂ ಕೆಮ್ಮಿದಿವಿ.
ಎರಡು ಕೇಳಿದ್ವಿ, ಒಂದು ಸಿಕ್ಕಿತು.

ಹುಡುಗ ಕಣ್ಣೊರಸಿಕೊಂಡು ಹೇಳಿದ:
ಅವರ ದನಿ ಒಡದೈತಂತ,
ಕೇಳವ್ರಿಗೆ ಹಿಡಸವಲ್ದಂತ,
ಈಗ ಮ್ಯಾಲಿನ ಖೋಲ್ಯಾಗ ಟಪಾಲು ನೋಡ್ತಾರಂತ.

ಟಪಾಲು.
ಕಣ್ಣು ಮಂಜಾದ ದ್ಯಾಮವ್ವನ ಕೈಯಾಗಿನ ಕಾಯಿ ಬಿಡಿಸಿ
ಕಸಬರಿಗಿ ಕೊಟ್ಟ ದಿನ ನೆನಪಾತು.
'ಆಕಿ ಪಗಾರ ಕಡಿಮಿ ಮಾಡ್ಯಾರೇನು?' ಕೇಳಿದ್ನಿ.
ಫಾರ್ಮು ಹಿಂದ ಮುಂದ ತಿರುವ್ಯಾಡಿದ.
'ಅದಕ್ಕ ಕಾಲಮ್ಮಿಲ್ರಿ ಇದರಾಗ.'
'ಇಲ್ಲಂದ್ರ ಅಂಚಿನ್ಯಾಗ ಬರಿ.'
ಪೆನ್ನು ಇಟ್ಟ, ಸೀನಿದ, ಅಕ್ಷರ ಕಾಗದದ ಹೊರಗ ಹೋತು.

ಗುತ್ತೆವ್ವ ಅನ್ನೂದಂತೂ ಬ್ಯಾರೆ:
'ಟಪಾಲು ನೋಡ್ತಾಳಂದ್ರ ಛಲೋ ಆತಲ್ಲ,
ಇನ್ನ ಕಳಿಸಿದ್ದು ಆಕಿ ಕೈಗಽ ಹೊಕ್ಕೈತಿ.'
ಮಾಲಕ ಅತ್ತ ಹೊಳ್ಳಿದಾಗ
ಬೊಗಸಿ ತುಂಬ ಡಬ್ಬಿ ಆರಿಸಿ,
ತೊಟ್ಟು ಬಿಡಿಸದಽ,
ಹಳೇ ಪೇಪರಿನ್ಯಾಗ ಸುತ್ತಿ ದಾರ ಬಿಗದಳು.
ಬಿಚ್ಚಿದ ಕೂಡಲೆ ಗೊತ್ತಾಗ್ತೈತಿ ಎಲ್ಲಿಂದ ಬಂತಂತ.
ವಿಳಾಸ ಹುಡುಗನ ಕಡಿಂದ ಬರಸಿದಿವಿ.

ಸಂಜಿ ಸುದ್ದಿಗೂ ಹೊಸಾಕಿನಽ.
ಬ್ಯಾಡಗಿ ಅನ್ನೂಕಿಂತ ಮೊದಲು
ತುಸು ನಿಂತಳು.
ಶೆಡ್ಡಿನ್ಯಾಗ ಅಷ್ಟೂ ಕೈ ನಿಂತವು.

ಕೆಮ್ಮಲಿಲ್ಲ.
ರೇಟು ಓದಿದಳು, ಹವಾಮಾನ ಓದಿದಳು.
'ಇನ್ನಾ ಸಣ್ಣಾಕಿ' ಅಂದಳು ಬೀಬಿಜಾನ,
ಮಡಲಾಗಿನ ತೊಟ್ಟು ಝಾಡಿಸಿಕೋತ.